ಶೀತಪ್ರದೇಶಗಳಲ್ಲಿ ಗ್ಯಾರೇಜಿನ ಉಷ್ಣನಿರೋಧನ

ಗ್ಯಾರೇಜಿನ ಉಷ್ಣನಿರೋಧನವೆಂದರೆ, ಮೋಟಾರು ವಾಹನವನ್ನು ನಿಲ್ಲಿಸುವುದಕ್ಕಾಗಿ ವಾಸದ ಮನೆಗೆ ಹೊಂದಿಕೊಂಡೋ ಅದರ ಬಳಿಯಲ್ಲಿ ಪ್ರತ್ಯೇಕವಾಗಿಯೋ ಕಟ್ಟಿದ ಕೊಠಡಿಯ ಗೋಡೆ, ಮಾಳಿಗೆ, ಬಾಗಿಲು ಮತ್ತು ನೆಲಗಳ ಮೂಲಕ ಒಳಗಿನ ಉಷ್ಣವು ಹೊರಕ್ಕೆ ಹರಿದುಹೋಗದಂತೆ ತಡೆದು, ಒಳಮೈಗೆ ಬೆಂಕಿಯನ್ನೂ ತೇವವನ್ನೂ ತಾಳಬಲ್ಲ ಹೊದಿಕೆಯನ್ನು ಕೊಟ್ಟು, ಹಿಮ ಬೀಳುವ ತಿಂಗಳುಗಳಲ್ಲಿಯೂ ಆ ಸ್ಥಳವು ಬಳಕೆಗೆ ಒದಗುವಂತೆ ಮಾಡುವ ಕಟ್ಟಡಕಾರ್ಯ. ಜನವರಿ ತಿಂಗಳ ಸರಾಸರಿ ಉಷ್ಣತೆ ಮಿನಿಯಾಪೊಲಿಸ್ ನಗರದಲ್ಲಿ ಶೂನ್ಯಕ್ಕಿಂತ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗೂ ಕೆನಡದ ವಿನಿಪೆಗ್ ನಗರದಲ್ಲಿ ಸುಮಾರು 16 ಡಿಗ್ರಿ ಕೆಳಗೂ ಇರುವುದರಿಂದ, ಈ ಕಾರ್ಯವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದ ರಾಜ್ಯಗಳಲ್ಲಿಯೂ ಕೆನಡದಲ್ಲಿಯೂ ವಿಶೇಷವಾಗಿ ರೂಢಿಗೆ ಬಂದಿದೆ.

ಈ ಲೇಖನದಲ್ಲಿ ಉಷ್ಣದ ಹರಿವನ್ನು ಕುಗ್ಗಿಸುವ ದ್ರವ್ಯಕ್ಕೆ ನಿರೋಧಕವೆಂದೂ, ಸಂದುಗಳಲ್ಲಿ ನುಸುಳುವ ಗಾಳಿಯನ್ನು ನಿಲ್ಲಿಸುವ ಪದರಕ್ಕೆ ಗಾಳಿತಡೆಯೆಂದೂ, ನೀರಾವಿಯು ಗೋಡೆಯೊಳಕ್ಕೆ ಹಬ್ಬದಂತೆ ತಡೆಯುವ ಪದರಕ್ಕೆ ಆವಿತಡೆಯೆಂದೂ ಹೇಳಿದೆ. ಇವು ಮೂರೂ ಬೇರೆ ಬೇರೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಪೂರ್ಣವಾಗಿ ಮಾಡಲಾರದು.

ಉತ್ಪತ್ತಿ ಮತ್ತು ವಿಕಾಸ

ಮೋಟಾರು ಬಂಡಿಗೆ ಮೊದಲು ಆಶ್ರಯವಾದುದು ಕುದುರೆಲಾಯ ಮತ್ತು ಸಾರೋಟಿನ ಕೊಟ್ಟಿಗೆಗಳು. 1908ರಲ್ಲಿ ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಹೊರಬಂದು ಬಂಡಿಯು ಮಧ್ಯಮವರ್ಗದವರ ಕೈಗೆಟುಕುವಂತಾದ ಮೇಲೆ, ಅದಕ್ಕೆಂದೇ ಸಣ್ಣ ಮರದ ಕೊಠಡಿಗಳು ಹಿತ್ತಿಲಿನಲ್ಲಿ ಏಳತೊಡಗಿದವು. ಪೆಟ್ರೋಲಿನಿಂದ ಬೆಂಕಿ ಹತ್ತಬಹುದೆಂಬ ಭಯದಿಂದ ಅವನ್ನು ಮನೆಯಿಂದ ದೂರದಲ್ಲಿ ಕಟ್ಟುತ್ತಿದ್ದರು. ಹೊರಮುಖವಾಗಿ ತೆರೆಯುವ ಜೋಡಿ ಕದಗಳು ಹಿಮದ ರಾಶಿಗೆ ಸಿಕ್ಕಿ ಅಲುಗದೆ ನಿಲ್ಲುತ್ತಿದ್ದ ತೊಂದರೆಗೆ, 1921ರಲ್ಲಿ ಸಿ. ಜಿ. ಜಾನ್ಸನ್ ಎಂಬಾತನು ನಿರ್ಮಿಸಿದ, ಪಟ್ಟಿಪಟ್ಟಿಯಾಗಿ ಮಡಿಚಿಕೊಂಡು ಹಳಿಗಳ ಮೇಲೆ ಮೇಲಕ್ಕೆ ಸರಿದು ಮಾಳಿಗೆಯ ಕೆಳಗೆ ಅಡ್ಡಲಾಗಿ ಮಲಗುವ ಬಾಗಿಲು ಪರಿಹಾರವನ್ನೊದಗಿಸಿತು; 1926ರಲ್ಲಿ ಅದನ್ನು ಎತ್ತುವ ವಿದ್ಯುದ್ಯಂತ್ರವೂ ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಬೆಳೆದ ನಗರದಂಚಿನ ಬಡಾವಣೆಗಳಲ್ಲಿ ಗ್ಯಾರೇಜು ಮನೆಯ ಗೋಡೆಗೇ ಹೊಂದಿಕೊಂಡಿತು. ಉಷ್ಣದ ಪ್ರಶ್ನೆಯೂ ವಿಷವಾಯುವಿನ ಪ್ರಶ್ನೆಯೂ ಮನೆವಾಸಿಗಳಿಗೆ ಹತ್ತಿರವಾದುದು ಈ ಬದಲಾವಣೆಯಿಂದ.

ನಿರೋಧಕಗಳ ಇತಿಹಾಸ ಬೇರೆಯಾದ ದಾರಿಯಲ್ಲಿ ಸಾಗಿ ಬಂದಿದೆ. ಮರದ ಹೊಟ್ಟು, ಒಣಗಿಸಿದ ಕಡಲಹುಲ್ಲು ಮೊದಲಾದುವನ್ನು ಗೋಡೆಗಳೊಳಗೆ ತುಂಬುತ್ತಿದ್ದ ಕಾಲದ ಅನಂತರ, 1930ರ ದಶಕದಲ್ಲಿ ಗೇಮ್ಸ್ ಸ್ಲೇಟರ್ ಮತ್ತು ಆತನ ಸಹೋದ್ಯೋಗಿಗಳು ಕರಗಿದ ಗಾಜನ್ನು ಸೂಕ್ಷ್ಮ ಎಳೆಗಳಾಗಿ ವಿಪುಲವಾಗಿ ತಯಾರಿಸುವ ಕ್ರಮವನ್ನು ಸಾಧಿಸಿದರು. ಈ ಉದ್ಯಮಕ್ಕಾಗಿ 1938ರಲ್ಲಿ ಓವೆನ್ಸ್-ಕಾರ್ನಿಂಗ್ ಸಂಸ್ಥೆ ಸ್ಥಾಪಿತವಾಯಿತು. 1940ರ ದಶಕದಲ್ಲಿ ಡೌ ಸಂಸ್ಥೆ ಪಾಲಿಸ್ಟೈರೀನಿನ ನೊರೆಹಲಗೆಯನ್ನು ಹೊರತಂದಿತು. ನಿರೋಧಕವನ್ನು ತುಂಬಿದ ಮರದ ಗೋಡೆಗಳಲ್ಲಿ ಚಳಿಗಾಲದಲ್ಲಿ ತೇವ ಕಟ್ಟಿಕೊಂಡು ಹೊರಬಣ್ಣ ಸುಲಿದುಬರುತ್ತಿದ್ದ ಸಂಗತಿಯು ಅದೇ ಕಾಲದಲ್ಲಿ ಗಮನಕ್ಕೆ ಬಂದು, ಮಿನಿಸೋಟ ವಿಶ್ವವಿದ್ಯಾನಿಲಯದಲ್ಲಿ ಫ್ರಾಂಕ್ ರೌಲಿಯು ನಡೆಸಿದ ಪರಿಶೋಧನೆಗಳು ಆವಿತಡೆಯ ಬಳಕೆಗೆ ಆಧಾರವಾದವು. ಆದರೂ ಗ್ಯಾರೇಜನ್ನು ನಿರೋಧನಕ್ಕೆ ಯೋಗ್ಯವೆಂದು ಸಾಮಾನ್ಯರು ಎಣಿಸತೊಡಗಿದ್ದು, 1973ರ ತೈಲಸಂಕಟವು ಇಂಧನದ ಬೆಲೆಯನ್ನು ಏರಿಸಿ, 1975ರಲ್ಲಿ ಅಮೆರಿಕದ ತಾಪನ ಮತ್ತು ಶೀತಲೀಕರಣ ಇಂಜಿನಿಯರರ ಸಂಘವು ಕಟ್ಟಡಗಳ ಶಕ್ತಿಮಿತವ್ಯಯಕ್ಕೆ ತನ್ನ ಮೊದಲ ಮಾನಕವನ್ನು ಪ್ರಕಟಿಸಿದ ಮೇಲೆಯೇ.

ಕಟ್ಟಡದ ರಚನೆ

ಉತ್ತರ ಅಮೆರಿಕದ ಗ್ಯಾರೇಜು ಬಹುಪಾಲು ಮರದ ಚೌಕಟ್ಟಿನದು. ಎರಡು-ನಾಲ್ಕು ಎಂದು ಹೆಸರಾದ, ವಾಸ್ತವವಾಗಿ ಮೂರೂವರೆ ಅಂಗುಲ ಆಳದ ನಿಲುಗಂಬಗಳನ್ನು, ಅಥವಾ ಎರಡು-ಆರು ಎಂಬ ಐದೂವರೆ ಅಂಗುಲ ಆಳದವನ್ನು, 16 ಇಲ್ಲವೆ 24 ಅಂಗುಲಗಳ ಅಂತರದಲ್ಲಿ ನಿಲ್ಲಿಸಿ, ಹೊರಗಡೆ ಹಲಗೆ ಹೊದಿಸಿರುತ್ತಾರೆ. ಒಳಗಡೆ ಕಂಬಗಳು ಬೆತ್ತಲೆಯಾಗಿಯೇ ಉಳಿದಿರುವುದುಂಟು. ಮೇಲೆ ತ್ರಿಕೋನಾಕಾರದ ಮರದ ತೊಲೆಕಟ್ಟು, ಕೆಳಗೆ ಬಾಗಿಲಿನ ಕಡೆಗೆ ಅಲ್ಪ ಇಳಿಜಾರುಳ್ಳ ಕಾಂಕ್ರೀಟಿನ ಹಾಸು. ಮಣ್ಣಿನ ತೇವ ಹೆಪ್ಪುಗಟ್ಟಿ ಉಬ್ಬಿದರೆ ಗೋಡೆ ಬಿರಿಯುವುದರಿಂದ ಮನೆಯ, ಹಾಗೂ ಮನೆಗೆ ಹೊಂದಿದ ಗ್ಯಾರೇಜಿನ, ತಳಪಾಯವು ಹೆಪ್ಪುರೇಖೆಗಿಂತ ಆಳಕ್ಕೆ ಇಳಿದಿರಬೇಕು. ಮಿನಿಸೋಟ ರಾಜ್ಯದ ನಿಯಮದಂತೆ ಈ ಆಳ ದಕ್ಷಿಣಭಾಗದಲ್ಲಿ 42 ಅಂಗುಲ, ಉತ್ತರಭಾಗದಲ್ಲಿ 60 ಅಂಗುಲ. ಎರಡು ವಾಹನಗಳ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರವಿದ್ದು, ಮನೆಯ ಯಾವ ಕಿಟಕಿಗೂ ಇಲ್ಲದಷ್ಟು ದೊಡ್ಡ ತೆರಪಾಗಿರುತ್ತದೆ.

ಉಷ್ಣನಷ್ಟದ ಕ್ರಮ

ಉಷ್ಣವು ವಹನ, ಸಂವಹನ ಮತ್ತು ವಿಕಿರಣಗಳೆಂಬ ಮೂರು ವಿಧಗಳಿಂದ ಬೆಚ್ಚನೆಯ ಕಡೆಯಿಂದ ತಣ್ಣನೆಯ ಕಡೆಗೆ ಸಾಗುತ್ತದೆ. ವಹನಕ್ಕೆ ಒಂದು ಪದರವು ಒಡ್ಡುವ ಪ್ರತಿರೋಧವನ್ನು ಅಮೆರಿಕದಲ್ಲಿ ಆರ್-ಮೌಲ್ಯವೆಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಒಂದು ಚದರ ಅಡಿಯ ಎರಡು ಮೈಗಳ ನಡುವೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಅಂತರವಿದ್ದಾಗ ಗಂಟೆಗೆ ಒಂದು ಬ್ರಿಟಿಷ್ ಉಷ್ಣಮಾನ ಹರಿಯಗೊಡುವ ಪದರದ ಆರ್-ಮೌಲ್ಯ 1; ಮೌಲ್ಯ ಹೆಚ್ಚಿದಷ್ಟೂ ಹರಿವು ಕಡಿಮೆ. ಮೆಟ್ರಿಕ್ ಮಾನದ ಒಂದು ಘಟಕವು ಇದರ 5.68 ಘಟಕಗಳಿಗೆ ಸಮ. ಹೊದಿಕೆಯ ಮೇಲೆ ಮುದ್ರಿತವಾದ ಮೌಲ್ಯ ನಿರೋಧಕಕ್ಕೆ ಮಾತ್ರ ಸಲ್ಲುವುದೇ ಹೊರತು ಇಡೀ ಗೋಡೆಗೆ ಸಲ್ಲದು. ಮರದ ಕಂಬಗಳು ನಿರೋಧಕಕ್ಕಿಂತ ಸುಲಭವಾಗಿ ಉಷ್ಣವನ್ನು ಸಾಗಿಸುವುದರಿಂದ, 13ರ ನಿರೋಧಕವನ್ನು ತುಂಬಿದ ಗೋಡೆಯ ಒಟ್ಟು ಮೌಲ್ಯ ಸುಮಾರು 11ಕ್ಕೆ ಇಳಿಯುತ್ತದೆ.

24 ಅಡಿ ಉದ್ದಗಲಗಳ, 8 ಅಡಿ ಎತ್ತರದ ಒಂಟಿ ಗ್ಯಾರೇಜಿನ ಹೊರಗೆ ಶೂನ್ಯಕ್ಕಿಂತ 23 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಿದ್ದು ಒಳಗೆ 10 ಡಿಗ್ರಿಯನ್ನು ಕಾಪಾಡಬೇಕಾದರೆ, ನಿರೋಧನವಿಲ್ಲದ ಸ್ಥಿತಿಯಲ್ಲಿ ಗೋಡೆಗಳಿಂದ ಸುಮಾರು 5.6, ಮಾಳಿಗೆಯಿಂದ 5, ತೆಳ್ಳನೆಯ ಉಕ್ಕಿನ ಬಾಗಿಲಿನಿಂದ 2, ಒಟ್ಟಿನಲ್ಲಿ ಹನ್ನೆರಡೂವರೆ ಕಿಲೊವಾಟ್‌ಗಳಷ್ಟು ಉಷ್ಣ ಸದಾ ಸೋರಿಹೋಗುವುದೆಂದು ಲೆಕ್ಕವು ತೋರಿಸುತ್ತದೆ. ಗೋಡೆಯ ಒಟ್ಟು ಮೌಲ್ಯವನ್ನು 11ಕ್ಕೂ ಮಾಳಿಗೆಯದನ್ನು 38ಕ್ಕೂ ಬಾಗಿಲಿನದನ್ನು 8ಕ್ಕೂ ಏರಿಸಿದರೆ ಇದು ಒಂದೂವರೆ ಕಿಲೊವಾಟ್‌ಗೆ, ಎಂದರೆ ಎಂಟನೆಯ ಒಂದು ಭಾಗಕ್ಕೆ, ಇಳಿಯುತ್ತದೆ. ಆದರೆ ಅದೇ ಕೊಠಡಿಯಲ್ಲಿ ಗಂಟೆಗೊಮ್ಮೆ ಗಾಳಿಯೆಲ್ಲ ಬದಲಾಗುವಷ್ಟು ಸಂದುಗಳಿದ್ದರೆ, ಆ ಗಾಳಿಯನ್ನು ಕಾಯಿಸುವುದಕ್ಕೇ ಮತ್ತೊಂದು ಒಂದೂವರೆ ಕಿಲೊವಾಟ್ ಬೇಕಾಗುತ್ತದೆ. ಸಂದುಗಳನ್ನು ಮುಚ್ಚದೆ ನಿರೋಧಕವನ್ನು ಮಾತ್ರ ದಪ್ಪ ಮಾಡುತ್ತ ಹೋಗುವುದು ವ್ಯರ್ಥವೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ನೆಲದ ಮೂಲಕ ಆಗುವ ನಷ್ಟವು ಇದರಲ್ಲಿ ಸೇರಿಲ್ಲ.

ನಿರೋಧಕ ದ್ರವ್ಯಗಳು

ಗಾಜುನಾರಿನ ಹಾಸುಗಳು ಅಗ್ಗವಾಗಿ ದೊರೆಯುವುದರಿಂದ ಅತ್ಯಂತ ಪ್ರಚುರವಾದವು. ಅಂಗುಲವೊಂದಕ್ಕೆ ಇವುಗಳ ಮೌಲ್ಯ 3ರಿಂದ ಸುಮಾರು 4.3ರವರೆಗಿದ್ದು, ಮೂರೂವರೆ ಅಂಗುಲದ ಗೋಡೆಗೆ 13 ಅಥವಾ 15ರವೂ ಐದೂವರೆ ಅಂಗುಲದ್ದಕ್ಕೆ 19ರಿಂದ 21ರವೂ ಮಾರಾಟದಲ್ಲಿವೆ. ಉಷ್ಣವನ್ನು ತಡೆಯುವುದು ಗಾಜಲ್ಲ, ಎಳೆಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿ. ಬಿಗಿಯಾಗಿ ಹಿಂಡಿದ ಕಂಬಳಿ ಬೆಚ್ಚಗಿಡದಂತೆ, ತಂತಿ ಕೊಳವೆಗಳ ಹಿಂದೆ ಒತ್ತಿ ತುರುಕಿದ ಹಾಸಿನ ಫಲವೂ ಕುಗ್ಗುತ್ತದೆ. ಶಿಲಾಉಣ್ಣೆಯು (ರಾಕ್‌ವೂಲ್) ಅಂಗುಲಕ್ಕೆ 4ರಷ್ಟು ಮೌಲ್ಯವುಳ್ಳದ್ದು; ಬೆಂಕಿಯನ್ನೂ ನೀರನ್ನೂ ಗಾಜುನಾರಿಗಿಂತ ಚೆನ್ನಾಗಿ ತಾಳುವುದರಿಂದ ಮನೆಗೂ ಗ್ಯಾರೇಜಿಗೂ ನಡುವಣ ಗೋಡೆಗೆ ಇದು ಉತ್ತಮ. ಹಳೆಯ ವೃತ್ತಪತ್ರಿಕೆಗಳನ್ನು ನುರಿಸಿ ಬೋರೇಟಿನ ಲವಣಗಳನ್ನು ಬೆರೆಸಿ ತಯಾರಿಸುವ ಸೆಲ್ಯುಲೋಸನ್ನು ಯಂತ್ರದಿಂದ ಊದಿ ಮಾಳಿಗೆಯ ಮೇಲೆ ಹರಡುತ್ತಾರೆ.

ನೊರೆಹಲಗೆಗಳಲ್ಲಿ ಮಣಿಗಳನ್ನು ಉಬ್ಬಿಸಿ ಅಚ್ಚೊತ್ತಿದ ಪಾಲಿಸ್ಟೈರೀನಿನ ಮೌಲ್ಯ ಅಂಗುಲಕ್ಕೆ ಸುಮಾರು 4, ಒತ್ತಿ ಹೊರಡಿಸಿದುದರದು 5, ಪಾಲಿಐಸೊಸಯನ್ಯುರೇಟಿನದು 6. ಕೊನೆಯದು ತೀವ್ರ ಚಳಿಯಲ್ಲಿ ತನ್ನ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುವುದಾದುದರಿಂದ, ನಿರೋಧಕ ಅತ್ಯವಶ್ಯಕವಾದ ದಿನಗಳಲ್ಲಿಯೇ ಅದು ದುರ್ಬಲವಾಗುತ್ತದೆ. ಸ್ಥಳದಲ್ಲಿಯೇ ಸಿಂಪಡಿಸುವ ಪಾಲಿಯುರಿಥೇನಿನ ಮುಚ್ಚುಕೋಶದ ನೊರೆಯು ಅಂಗುಲಕ್ಕೆ 6ರಿಂದ 7ರ ಮೌಲ್ಯವನ್ನು ಕೊಟ್ಟು, ಸಾಕಷ್ಟು ದಪ್ಪವಿದ್ದಾಗ ಗಾಳಿಯನ್ನೂ ಆವಿಯನ್ನೂ ಏಕಕಾಲದಲ್ಲಿ ತಡೆಯುತ್ತದೆ. ವೆಚ್ಚ ಅಧಿಕ, ಪ್ರಯೋಗಕ್ಕೆ ತರಬೇತಿಯೂ ಉಸಿರಿನ ರಕ್ಷಣೆಯೂ ಅಗತ್ಯ.

ಹಳೆಯ ಕಟ್ಟಡಗಳಲ್ಲಿ ಎರಡು ದ್ರವ್ಯಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಮಾಂಟಾನ ರಾಜ್ಯದ ಲಿಬ್ಬಿ ಎಂಬಲ್ಲಿ 1990ರವರೆಗೆ ಗಣಿಯಿಂದ ತೆಗೆಯುತ್ತಿದ್ದ ವರ್ಮಿಕ್ಯುಲೈಟ್ ಎಂಬ ಖನಿಜ ನಿರೋಧಕದಲ್ಲಿ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿರುತ್ತಿದ್ದುದರಿಂದ, ಮಾಳಿಗೆಯಲ್ಲಿ ಕಂದುಬಣ್ಣದ ಹೊಳೆಯುವ ಹರಳುಗಳ ರಾಶಿ ಕಂಡುಬಂದರೆ ಅದನ್ನು ಕಲಕದೆ ಪರಿಣತರಿಗೆ ಬಿಡತಕ್ಕದ್ದು. ಯೂರಿಯಾ-ಫಾರ್ಮಾಲ್ಡಿಹೈಡಿನ ನೊರೆಯನ್ನು ಕೆನಡ ಸರಕಾರವು 1980ರಲ್ಲಿ ನಿಷೇಧಿಸಿತು.

ಗಾಳಿ ಮತ್ತು ತೇವ

ಗ್ಯಾರೇಜಿನ ತೇವವು ವಾಸದ ಕೊಠಡಿಯ ತೇವದಂಥದಲ್ಲ. ಚಕ್ರಗಳ ನಡುವೆಯೂ ತಳದಲ್ಲಿಯೂ ಹಿಮವನ್ನು ಹೊತ್ತು ಬಂದ ವಾಹನವು ಬೆಚ್ಚನೆಯ ಸ್ಥಳದಲ್ಲಿ ನಿಂತೊಡನೆ ಆ ಹಿಮ ಕರಗಿ, ರಸ್ತೆಗೆ ಚೆಲ್ಲಿದ ಉಪ್ಪಿನೊಡನೆ ನೆಲಕ್ಕೆ ಹರಿದು, ಆವಿಯಾಗಿ ಗಾಳಿಯಲ್ಲಿ ಸೇರುತ್ತದೆ. ಹತ್ತು ಡಿಗ್ರಿ ಉಷ್ಣತೆಯ, ನೂರಕ್ಕೆ ಎಪ್ಪತ್ತರಷ್ಟು ಆರ್ದ್ರತೆಯ ಗಾಳಿಯು ಸುಮಾರು 5 ಡಿಗ್ರಿಯ ಮೈಯನ್ನು ಮುಟ್ಟಿದರೆ ಸಾಕು, ಅದರಲ್ಲಿಯ ಆವಿ ನೀರಾಗಿ ಕೂಡುತ್ತದೆ. ಹೊರಹಲಗೆಯ ಒಳಮೈ ಚಳಿಗಾಲದುದ್ದಕ್ಕೂ ಇದಕ್ಕಿಂತ ಎಷ್ಟೋ ತಣ್ಣಗಿರುವುದು. ಆದುದರಿಂದ ಒಳಗಾಳಿಯು ಸಂದಿನ ಮೂಲಕ ಅಲ್ಲಿಗೆ ತಲುಪಿದರೆ ಮೊದಲು ಹೆಪ್ಪಿನ ಪದರವೂ, ವಸಂತದಲ್ಲಿ ಅದು ಕರಗಿದಾಗ ಶಿಲೀಂಧ್ರವೂ, ಕಾಲಾಂತರದಲ್ಲಿ ಮರದ ಕೊಳೆತವೂ ಉಂಟಾಗುತ್ತವೆ. ಅರ್ಧಂಬರ್ಧ ಮಾಡಿದ ನಿರೋಧನವು ಬರಿಗೋಡೆಗಿಂತ ಕೆಡುಕಾಗಬಹುದು. ಬರಿಗೋಡೆ ಒದ್ದೆಯಾದರೂ ಒಣಗುತ್ತದೆ, ಮುಚ್ಚಿದ ಗೋಡೆ ಒದ್ದೆಯಾಗಿಯೇ ಉಳಿಯುತ್ತದೆ.

ಇದನ್ನು ತಪ್ಪಿಸಲು, ನಿರೋಧಕವನ್ನು ತುಂಬುವ ಮೊದಲೇ ತಳಪಾಯಕ್ಕೂ ಕೆಳತೊಲೆಗೂ ನಡುವಣ ಬಿರುಕು, ತಂತಿಗಳು ಹಾದುಹೋಗುವ ರಂಧ್ರ, ಕಿಟಕಿ ಬಾಗಿಲುಗಳ ಸುತ್ತಣ ಸಂದು ಇವನ್ನೆಲ್ಲ ಮೇಣದಂಥ ಲೇಪದಿಂದಾಗಲಿ ನೊರೆಯಿಂದಾಗಲಿ ಮುಚ್ಚತಕ್ಕದ್ದು. ಆಮೇಲೆ ನಿರೋಧಕದ ಬೆಚ್ಚನೆಯ ಕಡೆಗೆ, ಅಂದರೆ ಕೊಠಡಿಯ ಒಳಮುಖಕ್ಕೆ, ಆವಿತಡೆಯನ್ನು ಹೊದಿಸುತ್ತಾರೆ; ಕೆನಡದಲ್ಲಿ ಸುಮಾರು 0.15 ಮಿಲಿಮೀಟರು ದಪ್ಪದ ಪಾಲಿಎಥಿಲೀನ್ ಹಾಳೆ ರೂಢಿಯಲ್ಲಿದೆ. ಒಳಗೂ ಹೊರಗೂ ಎರಡು ಆವಿತಡೆಗಳನ್ನು ಕೂಡಿಸಬಾರದು. ನಡುವೆ ಸಿಕ್ಕಿದ ತೇವಕ್ಕೆ ಹೊರದಾರಿ ಇಲ್ಲವಾಗುತ್ತದೆ. ಈ ವಿಧಿ ಶೀತಪ್ರದೇಶಕ್ಕೆ ಮಾತ್ರ ಅನ್ವಯಿಸತಕ್ಕದ್ದು. ಕರ್ನಾಟಕದ ಕರಾವಳಿಯಂಥ ಬಿಸಿಯಾದ ಆರ್ದ್ರದೇಶದಲ್ಲಿ ಕೊಠಡಿಯನ್ನು ಯಂತ್ರದಿಂದ ತಂಪಾಗಿಸಿದಾಗ ಉಷ್ಣವೂ ಆವಿಯೂ ಹೊರಗಿನಿಂದ ಒಳಕ್ಕೆ ಸಾಗುವುದರಿಂದ, ಅಲ್ಲಿ ಒಳಮುಖದ ಹಾಳೆಯು ತೇವವನ್ನು ಗೋಡೆಯೊಳಗೇ ಹಿಡಿದಿಡುತ್ತದೆ.

ಮಾಳಿಗೆಯ ಮೇಲಣ ಅಟ್ಟವು ತಣ್ಣಗಿದ್ದು ಗಾಳಿಯಾಡುತ್ತಿರಬೇಕು. ಸೂರಿನ ಕೆಳಗಣ ಗಾಳಿಕಂಡಿಗಳನ್ನು ನಿರೋಧಕವು ಮುಚ್ಚದಂತೆ ಅಲ್ಲಿ ತಡಿಕೆಗಳನ್ನು ಕೂಡಿಸುತ್ತಾರೆ. ಹಾಗೆ ಮಾಡದೆ ಉಷ್ಣವು ಅಟ್ಟಕ್ಕೆ ಏರಿದರೆ, ಛಾವಣಿಯ ಹಿಮ ಕರಗಿ ಸೂರಿನಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಒಡ್ಡಿನಂತೆ ನಿಂತು, ಅದರ ಹಿಂದಿನ ನೀರು ಒಳಕ್ಕೆ ಸೋರುತ್ತದೆ.

ಬಾಗಿಲು

ಉಕ್ಕಿನ ಎರಡು ತಗಡುಗಳ ನಡುವೆ ಪಾಲಿಯುರಿಥೇನ್ ನೊರೆಯನ್ನು ತುಂಬಿದ ಬಾಗಿಲುಗಳಿಗೆ ತಯಾರಕರು 12ರಿಂದ 18ರ ಮೌಲ್ಯವನ್ನು ಹೇಳುವುದುಂಟು. ಇದು ಸಾಧಾರಣವಾಗಿ ಹಲಗೆಯ ಮಧ್ಯಭಾಗದಲ್ಲಿ ಅಳೆದ ಸಂಖ್ಯೆಯಾದುದರಿಂದ, ಕೀಲುಗಳು ಮತ್ತು ಅಂಚುಗಳನ್ನು ಸೇರಿಸಿದಾಗ ನಿಜವಾದ ಫಲ ಅದಕ್ಕಿಂತ ಬಹಳ ಕಡಿಮೆ. ತಳದ ರಬ್ಬರು ಪಟ್ಟಿ, ಪಕ್ಕಗಳ ಹಾಗೂ ಮೇಲಂಚಿನ ಮುಚ್ಚುಪಟ್ಟಿ ಇವು ಸರಿಯಾಗಿ ಕೂಡಿರುವುದು ಮೌಲ್ಯದ ಸಂಖ್ಯೆಗಿಂತ ಮುಖ್ಯ. ಹಳೆಯ ಬಾಗಿಲಿಗೆ ಒಳಗಿನಿಂದ ನೊರೆಹಲಗೆಯನ್ನು ಅಂಟಿಸಬಹುದು. ಆದರೆ ಅದರಿಂದ ತೂಕ ಹೆಚ್ಚಿ ಬಾಗಿಲನ್ನು ಸಮತೂಗಿಸುವ ತಿರುಪುಸ್ಪ್ರಿಂಗಿನ ಬಿಗುವನ್ನು ಬದಲಿಸಬೇಕಾಗುತ್ತದೆ. ಈ ಸ್ಪ್ರಿಂಗು ಪ್ರಾಣಾಂತಿಕವಾದ ಶಕ್ತಿಯನ್ನು ಅಡಗಿಸಿಕೊಂಡಿರುವ ಕಾರಣ ಅದನ್ನು ಮುಟ್ಟುವ ಕೆಲಸ ಬಾಗಿಲಿನ ಕಸಬುದಾರರಿಗೆ ಮಾತ್ರ ಸೇರಿದ್ದು.

ನೆಲ

ಕಾಂಕ್ರೀಟಿನ ಹಾಸು ಹೆಚ್ಚಾಗಿ ಉಷ್ಣವನ್ನು ಕಳೆದುಕೊಳ್ಳುವುದು ಅಂಚುಗಳಲ್ಲಿ. ಹೊಸದಾಗಿ ಕಟ್ಟುವಾಗ ಹಾಸಿನ ಕೆಳಗೂ ಅಂಚಿನಲ್ಲಿಯೂ ಒತ್ತುಪಾಲಿಸ್ಟೈರೀನಿನ ಹಲಗೆಯನ್ನು ಇಡುವುದು ಸುಲಭ; ಕಟ್ಟಿದ ಮೇಲೆ ಅಂಚಿನ ನಷ್ಟವನ್ನು ತಡೆಯಲು ತಳಪಾಯದ ಹೊರಮೈಯನ್ನು ಅಗೆದು ಅಲ್ಲಿ ಹಲಗೆ ಕೂಡಿಸಬೇಕಾಗುತ್ತದೆ. ವಾಹನ ನಿಲ್ಲದ ಕಾರ್ಯಾಗಾರದಲ್ಲಿ ನೊರೆಹಲಗೆಯ ಮೇಲೆ ಪ್ಲೈವುಡ್ ಹಾಸಿ ಕಾಲಿಗೆ ಬೆಚ್ಚನೆಯ ನೆಲವನ್ನು ಪಡೆಯುತ್ತಾರೆ. ವಾಹನ ನಿಲ್ಲುವ ಕಡೆ ಎಪಾಕ್ಸಿಯ ಲೇಪವು ಉಪ್ಪುನೀರು ಕಾಂಕ್ರೀಟಿಗೆ ಇಳಿಯದಂತೆ ಕಾಪಾಡುತ್ತದೆ. ಲೇಪಿಸುವ ಮೊದಲು ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಅಂಟಿಸಿ ಒಂದು ರಾತ್ರಿ ಬಿಟ್ಟು, ಅದರಡಿಯಲ್ಲಿ ತೇವ ಕೂಡಿದೆಯೇ ಎಂದು ನೋಡತಕ್ಕದ್ದು. ಕೂಡಿದ್ದರೆ ಲೇಪ ನಿಲ್ಲದು.

ಒಳಹೊದಿಕೆ

ನಿರೋಧಕದ ಮೇಲೆ ಸಾಮಾನ್ಯವಾಗಿ ಅರ್ಧ ಅಂಗುಲದ ಜಿಪ್ಸಂ ಹಲಗೆಯನ್ನು ಬಡಿದು, ಸಂದುಗಳಿಗೆ ಕಾಗದದ ಪಟ್ಟಿಯನ್ನೂ ಗಾರೆಯನ್ನೂ ಕೊಟ್ಟು, ಬಣ್ಣ ಬಳಿಯುತ್ತಾರೆ. ಜಿಪ್ಸಮ್ಮಿನಲ್ಲಿ ರಾಸಾಯನಿಕವಾಗಿ ಅಡಗಿರುವ ನೀರು ಬೆಂಕಿಯಲ್ಲಿ ಆವಿಯಾಗಿ ಹೊರಡುವವರೆಗೆ ಅದರ ಹಿಂದಿನ ಮರವು ಸುರಕ್ಷಿತವಾಗಿರುತ್ತದೆ. ಇದೇ ಕಾರಣದಿಂದ ನೊರೆಹಲಗೆಯನ್ನು ಬರಿದಾಗಿ ಬಿಡದೆ ಇಂಥ ಹೊದಿಕೆಯಿಂದ ಮುಚ್ಚಬೇಕೆಂದು ಕಟ್ಟಡ ಸಂಹಿತೆಗಳು ವಿಧಿಸುತ್ತವೆ. ನೆಲದ ನೀರನ್ನು ಹಲಗೆ ಹೀರದಂತೆ ಅದರ ಕೆಳಂಚನ್ನು ನೆಲದಿಂದ ಅರ್ಧ ಅಂಗುಲವಾದರೂ ಮೇಲಕ್ಕೆ ನಿಲ್ಲಿಸುವುದು ಒಳ್ಳೆಯದು. ಉಪಕರಣಗಳನ್ನು ತೂಗುಹಾಕುವ ಗೋಡೆಗೆ ಪ್ಲೈವುಡ್ ಅನುಕೂಲವಾದರೂ ಬೆಂಕಿಯ ದೃಷ್ಟಿಯಿಂದ ಅದು ಜಿಪ್ಸಮ್ಮಿಗೆ ಸಾಟಿಯಲ್ಲ.

ತಾಪನ

ನಿರೋಧನವು ಉಷ್ಣವನ್ನು ಉಳಿಸುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ. ಮನೆಗೆ ಹೊಂದಿದ ಗ್ಯಾರೇಜು ನಡುಗೋಡೆಯ ಉಷ್ಣದಿಂದಲೂ ವಾಹನದ ಇಂಜಿನಿನ ಶಾಖದಿಂದಲೂ ಹೊರಗಿಗಿಂತ ಬೆಚ್ಚಗಿರುತ್ತದಾದರೂ, ಕೆಲಸಮಾಡುವಷ್ಟು ಬಿಸಿ ಬೇಕಾದರೆ ಪ್ರತ್ಯೇಕವಾದ ತಾಪಕ ಬೇಕು. 240 ವೋಲ್ಟಿನ, 5 ಕಿಲೊವಾಟ್ ಶಕ್ತಿಯ ವಿದ್ಯುತ್ ತಾಪಕ, ಹೊಗೆಯನ್ನು ಹೊರಕ್ಕೆ ಬಿಡುವ ಅನಿಲತಾಪಕ, ಮಾಳಿಗೆಯಿಂದ ತೂಗುವ ಅವರಕ್ತ ವಿಕಿರಣದ ಕೊಳವೆ, ಹಾಸಿನೊಳಗೆ ಹುದುಗಿಸಿದ ಬಿಸಿನೀರಿನ ಕೊಳವೆಗಳು, ಶಾಖಪಂಪು ಇವು ಬಳಕೆಯಲ್ಲಿರುವ ಪ್ರಕಾರಗಳು. ಹೊಗೆನಳಿಗೆಯಿಲ್ಲದೆ ಪ್ರೊಪೇನನ್ನೋ ಸೀಮೆಎಣ್ಣೆಯನ್ನೋ ಉರಿಸುವ ತಾಪಕಗಳು ಈ ಸ್ಥಳಕ್ಕೆ ಸಲ್ಲತಕ್ಕವಲ್ಲ: ಒಂದು ಕಿಲೊಗ್ರಾಂ ಪ್ರೊಪೇನು ಉರಿದಾಗ ಸುಮಾರು 1.6 ಕಿಲೊಗ್ರಾಂ ನೀರು ಹುಟ್ಟಿ ಗಾಳಿಗೆ ಸೇರುವುದಲ್ಲದೆ, ದಹನದ ವಿಷವಾಯುಗಳೂ ಒಳಗೇ ಉಳಿಯುತ್ತವೆ.

ಸುರಕ್ಷತೆ

ಇಂಜಿನಿನ ಹೊಗೆಯಲ್ಲಿರುವ ವಿಷವಾಯುವಾದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ನುಸುಳದಂತೆ ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನನ್ನು ಅಲ್ಪಕಾಲವೂ ನಡೆಯಗೊಡಬಾರದು. ದೊಡ್ಡ ಬಾಗಿಲು ತೆರೆದಿದ್ದರೂ ಅನಿಲವು ಮನೆಯೊಳಗೆ ಸೇರುವುದುಂಟು. ಆದುದರಿಂದ ಮನೆಗೂ ಗ್ಯಾರೇಜಿಗೂ ನಡುವಣ ಗೋಡೆಯೇ ಈ ಸಮಸ್ತ ಕಾರ್ಯದಲ್ಲಿ ಅತಿ ಜಾಗರೂಕತೆಯಿಂದ ಮುಚ್ಚಬೇಕಾದ ಭಾಗ. ಮನೆಯಲ್ಲಿ ಮಾನಾಕ್ಸೈಡಿನ ಸೂಚಕಯಂತ್ರವನ್ನೂ ಇಡತಕ್ಕದ್ದು. ಸಂಯುಕ್ತ ಸಂಸ್ಥಾನಗಳಲ್ಲಿ ಬಹುವಾಗಿ ಅಂಗೀಕೃತವಾದ ಅಂತಾರಾಷ್ಟ್ರೀಯ ವಸತಿ ಸಂಹಿತೆಯ ಪ್ರಕಾರ ಈ ಗೋಡೆಗೆ ಗ್ಯಾರೇಜಿನ ಕಡೆಯಿಂದ ಅರ್ಧ ಅಂಗುಲದ ಜಿಪ್ಸಂ ಹಲಗೆಯೂ, ಮೇಲೆ ವಾಸದ ಕೋಣೆಯಿದ್ದರೆ ಮಾಳಿಗೆಗೆ ಐದೆಂಟಾಂಶ ಅಂಗುಲದ ಅಗ್ನಿರೋಧಕ ಹಲಗೆಯೂ ಇರಬೇಕು. ಗ್ಯಾರೇಜಿನಿಂದ ಮಲಗುವ ಕೋಣೆಗೆ ನೇರವಾಗಿ ಬಾಗಿಲಿರಕೂಡದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹಬ್ಬುವುದರಿಂದ, ಕಿಡಿ ಹುಟ್ಟುವ ಉಪಕರಣಗಳನ್ನು ನೆಲದಿಂದ 18 ಅಂಗುಲ ಮೇಲೆ ನಿಲ್ಲಿಸುತ್ತಾರೆ.

ಉಪಯೋಗಗಳು

ವಾಹನರಕ್ಷಣೆ ಮೊದಲನೆಯದು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಸೀಸ-ಆಮ್ಲದ ಬ್ಯಾಟರಿ ತನ್ನ ಚಾಲಕಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಇಂಜಿನಿನ ಎಣ್ಣೆ ಗಟ್ಟಿಯಾಗುತ್ತದೆ. ಈ ಕಷ್ಟಕ್ಕೆ ಉತ್ತರ ಡಕೋಟದ ಆಂಡ್ರೂ ಫ್ರೀಮನ್ ಎಂಬಾತನು ಇಂಜಿನಿಗೇ ಜೋಡಿಸುವ ವಿದ್ಯುತ್ ತಾಪಕವನ್ನು ನಿರ್ಮಿಸಿ 1949ರಲ್ಲಿ ಪೇಟೆಂಟು ಪಡೆದನು. ಬೆಚ್ಚನೆಯ ಗ್ಯಾರೇಜಿನಲ್ಲಿ ಅದರ ಅಗತ್ಯ ಬೀಳದು. ಆದರೆ ಈ ಬೆಚ್ಚನೆಗೆ ಒಂದು ಅನನುಕೂಲವೂ ಉಂಟು. ಉಪ್ಪುನೀರಿನಿಂದ ತೊಯ್ದ ಉಕ್ಕು ಹೆಪ್ಪಿನಲ್ಲಿರುವುದಕ್ಕಿಂತ ಬೆಚ್ಚಗಿದ್ದಾಗ ಬೇಗ ತುಕ್ಕುಹಿಡಿಯುವುದರಿಂದ, ವಾಹನವನ್ನು ತೊಳೆದು ಒಣಗಿಸುವ ಪದ್ಧತಿಯೂ ಗಾಳಿಯನ್ನು ಹೊರಹಾಕುವ ಪಂಖವೂ ತಾಪನದ ಜೊತೆಗೇ ಬರಬೇಕು. ಮರಗೆಲಸ ಮತ್ತು ದುರಸ್ತಿಯ ಕಾರ್ಯಾಗಾರವಾಗಿ ಬಳಸುವುದು ಇನ್ನೊಂದು ಉಪಯೋಗ. ನೀರಿನಲ್ಲಿ ಕರಗುವ ಬಣ್ಣಗಳೂ ಮರದ ಅಂಟುಗಳೂ ಸಾಧಾರಣವಾಗಿ 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಹಿಡಿಯವಾದುದರಿಂದ ಅಲ್ಲಿಯವರೆಗಿನ ಉಷ್ಣತೆ ಬೇಕಾಗುತ್ತದೆ. ವ್ಯಾಯಾಮಶಾಲೆ, ಸಾಮಾನುಗಳ ಸಂಗ್ರಹ, ಮಕ್ಕಳ ಆಟದ ತಾಣ ಮೊದಲಾದ ಬಳಕೆಗಳೂ ಉಂಟು.

ಇಂದಿನ ಸ್ಥಿತಿ

ಶಕ್ತಿಸಂಹಿತೆಗಳು ಇಂದಿಗೂ ಗ್ಯಾರೇಜನ್ನು ಸಾಮಾನ್ಯವಾಗಿ ಕಾಯಿಸದ ಸ್ಥಳವೆಂದೇ ಎಣಿಸಿ, ನಿರೋಧನದ ಎಲ್ಲೆಯನ್ನು ಮನೆಯ ನಡುಗೋಡೆಯಲ್ಲಿ ಗುರುತಿಸುತ್ತವೆ; ಅದನ್ನು ವಾಸದ ಕೋಣೆಯಾಗಿ ಪರಿವರ್ತಿಸಬೇಕಾದರೆ ಸ್ಥಳೀಯ ಕಟ್ಟಡ ಇಲಾಖೆಯ ಅನುಮತಿ ಅಗತ್ಯ. ನೊರೆಯನ್ನು ಉಬ್ಬಿಸಲು ಬಳಸುತ್ತಿದ್ದ ಕೆಲವು ಅನಿಲಗಳು ಭೂಮಿಯ ತಾಪವನ್ನು ತೀವ್ರವಾಗಿ ಹೆಚ್ಚಿಸುವುದರಿಂದ ಕೆನಡ ದೇಶವು 2021ರಿಂದ ಅವುಗಳ ಬಳಕೆಯನ್ನು ನಿರ್ಬಂಧಿಸಿದೆ. ತಯಾರಕರು ಬೇರೆ ಅನಿಲಗಳಿಗೆ ತಿರುಗಿದ್ದಾರೆ. ತೀವ್ರ ಚಳಿಯಲ್ಲಿಯೂ ನಡೆಯಬಲ್ಲ ಶಾಖಪಂಪುಗಳು ಹಳೆಯ ವಿದ್ಯುತ್ ತಾಪಕಗಳ ಸ್ಥಾನಕ್ಕೆ ಬರುತ್ತಿವೆ. ವಿದ್ಯುತ್ ವಾಹನಗಳ ಪ್ರಸಾರದಿಂದ ಗ್ಯಾರೇಜಿಗೆ ಹೊಸದೊಂದು ಪ್ರಯೋಜನ ಒದಗಿದೆ: ಲಿಥಿಯಮ್ ಅಯಾನಿನ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ವೇಗವಾಗಿ ತುಂಬಿದರೆ ಅದರ ಋಣಧ್ರುವದ ಮೇಲೆ ಲೋಹವು ಕೂಡಿ ಹಾನಿಯಾಗುವುದರಿಂದ, ವಾಹನವು ಮೊದಲು ತನ್ನ ಬ್ಯಾಟರಿಯನ್ನು ಕಾಯಿಸಿಕೊಳ್ಳುವುದಕ್ಕೆ ವಿದ್ಯುತ್ತನ್ನು ವೆಚ್ಚಮಾಡುತ್ತದೆ; ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೇಲಿರುವ ಗ್ಯಾರೇಜಿನಲ್ಲಿ ರಾತ್ರಿ ನಿಂತ ವಾಹನಕ್ಕೆ ಈ ವೆಚ್ಚದ ಬಹುಭಾಗ ಉಳಿಯುತ್ತದೆ.